ವಾರಂಟಿ ಅಮರಪ್ಪ

ಗಂಗಾವತಿಯ ಟ್ರ್ಯಾಕ್ಟರ್ ಅಂಗಡಿಯ ಮಿಸ್ತ್ರಿ ಅಮರಪ್ಪನನ್ನು ಸುತ್ತಲಿನ ರೈತರು ಕರೆಯುವುದೇ ವಾರಂಟಿ ಅಮರಪ್ಪ ಎಂದು. ಗೇರ್ ಕೆಟ್ಟ ಗಾಡಿ ಬಂತೆಂದರೆ ಆತ ತಕ್ಷಣ ಪಾನಾ ಹಿಡಿಯುವವನಲ್ಲ; ಎಂಜಿನ್ ಚಾಲೂ ಮಾಡಿಸಿ, ಗೇರ್‌ಬಾಕ್ಸಿಗೆ ಸ್ಕ್ರೂಡ್ರೈವರ್ ಊರಿ, ಅದರ ಹಿಡಿಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾನೆ. ನಾಡಿ ಹಿಡಿಯುವ ವೈದ್ಯರಿಗೂ ಅಷ್ಟು ಹೊತ್ತು ಬೇಡ. ಕಣ್ಣು ತೆರೆದವನೇ, "ತಪ್ಪು ನಿಮ್ದಲ್ರಿ, ಇದು ಹುಟ್ಟಿನಿಂದ ಬಂದ ರೋಗ" ಎಂದು ರೈತನ ಎದೆ ಹಗುರ ಮಾಡುತ್ತಾನೆ. ಕಂಪನಿಯ ಸಾಹೇಬರು, ರೈತ ಕೆಸರಿನಲ್ಲಿ ಓಡಿಸಿ ಕೆಡಿಸಿದ್ದಾನೆ ಎಂದು ತಕರಾರು ತೆಗೆದರೋ, "ಭತ್ತದ ಸೀಮ್ಯಾಗ ಕೆಸರು ಬಿಟ್ಟು ಮಾಳಿಗಿ ಮ್ಯಾಲ ಓಡಿಸ್ಬೇಕೇನ್ರಿ ಸಾಹೇಬ್ರ?" ಎನ್ನುತ್ತ ಒಡೆದ ಗೇರನ್ನು ಎಣ್ಣೆ ಸಮೇತ ಅವರ ಮೇಜಿನ ಮೇಲೆ ಇಟ್ಟೇಬಿಡುತ್ತಾನೆ. ಹೊಸ ಗೇರ್‌ಬಾಕ್ಸಿಗೆ ಸಹಿ ಬೀಳುವ ತನಕ ಗೇರೂ ಕದಲುವುದಿಲ್ಲ, ಅಮರಪ್ಪನೂ ಕದಲುವುದಿಲ್ಲ. ಗುಂಟೆ ಹೊಲವಿಲ್ಲದ ಈ ಮನುಷ್ಯನ ಮನೆಯ ಮುಂದೆ ಮಾತ್ರ ಯಾವಾಗಲೂ ಒಂದು ಜೋಡಿ ಎತ್ತು. "ಟ್ರ್ಯಾಕ್ಟರ್ ಮಿಸ್ತ್ರಿಗೆ ಎತ್ತು ಯಾಕ ಬೇಕಪಾ?" ಎಂದು ಓಣಿಯೆಲ್ಲ ನಗುತ್ತದೆ. ಕಾಲುವೆ ಕೆಳಗಿನ ರೈತ ವಿರುಪಣ್ಣ ಮಾತ್ರ ನಗುವುದಿಲ್ಲ. ಹೋದ ವರ್ಷ ಕಾಲುವೆಗೆ ನೀರು ಬಿಟ್ಟು, ಸಸಿ ನಾಟಿಗೆ ಬಂದು ನಿಂತಾಗಲೇ ಅವನ ಗಾಡಿಯ ಗೇರ್‌ಬಾಕ್ಸ್ ಬಿಚ್ಚಬೇಕಾಯಿತು. ಹೊಸದು ಬರಲು ಎಂಟು ದಿನ. ಮರುದಿನ ಬೆಳಿಗ್ಗೆ ಅಮರಪ್ಪ ತಾನೇ ಎತ್ತು ಹೊಡೆದುಕೊಂಡು ಬಂದು ಗದ್ದೆಯ ಬದುವಿನ ಮೇಲೆ ನಿಂತಿದ್ದ. "ಕಂಪನಿ ಗೇರ್‌ಬಾಕ್ಸಿಗೆ ವಾರಂಟಿ ಕೊಟ್ಟೈತಿ ವಿರುಪಣ್ಣ, ನಾಟಿಗೆ ಕೊಟ್ಟಿಲ್ಲ. ಅದು ಬರೂತನಕ ಇವನ್ನ ಹೂಡ್ರಿ."