ಒಸಿ ಹತ್ರ ಬನ್ನಿ

ಚನ್ನಪಟ್ಟಣ ಬಸ್ ನಿಲ್ದಾಣದ ಹಿಂದೆ ಸ್ಟುಡಿಯೋ ಇಟ್ಟಿರುವ ಚೈತ್ರಾ ಎಷ್ಟೋ ವರ್ಷಗಳಿಂದ ಮದುವೆ ಮನೆಗಳಲ್ಲಿ ಒಂದೇ ಮಾತು ಹೇಳುತ್ತ ಬಂದಿದ್ದಾಳೆ: "ಒಸಿ ಹತ್ರ ಬನ್ನಿ." ಮಾತು ಬಿಟ್ಟ ಅಣ್ಣತಮ್ಮಂದಿರೂ ಅದಕ್ಕೆ ಮಣಿದು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಆಕಾಶದಲ್ಲಿ ಆ ಮಾತು ಆಡಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಾಗಡಿ ಕಡೆಯ ಖಾಸಗಿ ರನ್‌ವೇಯೊಂದರಲ್ಲಿ ಮೂರು ಪುಟ್ಟ ವಿಮಾನಗಳ ತಂಡ ಕಸರತ್ತಿನ ಅಭ್ಯಾಸ ಮಾಡುತ್ತದೆ. ವಾಯುಪಡೆಯಿಂದ ನಿವೃತ್ತರಾದ ಕನಕಪುರದ ನರೇಂದ್ರ ಅದರ ಮುಖ್ಯಸ್ಥರು. ಚೈತ್ರಾ ಹೊಲದ ಬದುವಿನ ಮೇಲೆ ನಿಂತು ತೆಗೆದ ಆ ವಿಮಾನಗಳ ಚಿತ್ರ ನೋಡಿ ಅವರೇ ಫೋನ್ ಮಾಡಿದ್ದರು: "ಕೆಳಗಿಂದ ಬರೀ ಹೊಟ್ಟೆ ಕಾಣ್ತದೆ. ಮೇಲೆ ಬಂದು ತೆಗೀತೀಯೇನಮ್ಮ?" ಮುಂದಿನ ವೈಮಾನಿಕ ಪ್ರದರ್ಶನಕ್ಕೆ ಒಂದು ಚಿತ್ರ ಬೇಕಿತ್ತು. ಅದು ಸರಿಬಂದರೆ ಅವಳೇ ತಂಡದ ಕಾಯಂ ಫೋಟೋಗ್ರಾಫರ್.

ಹೊರಡುವ ಮುಂಜಾನೆ ತಾಯಿ ಮಾರಮ್ಮ ಮಗಳಿಗೆ ಮಲ್ಲಿಗೆ ಮುಡಿಸಿದ್ದಳು. ರನ್‌ವೇಯಲ್ಲಿ ಹೂವಿನ ಜೊತೆ ಪಿನ್ನುಗಳನ್ನೂ ತೆಗೆಸಿದರು. ಒಂದು ಪಿನ್ನು ಸೀಟಿನ ಸಂದಿಗೆ ಜಾರಿ, ವಿಮಾನ ತಿರುಗಿಸುವ ಹಿಡಿಕೋಲಿನ ಬುಡಕ್ಕೆ ಸಿಕ್ಕಿಕೊಂಡರೆ ವಿಮಾನ ಪೈಲಟ್ ಮಾತು ಕೇಳುವುದಿಲ್ಲ.

ನರೇಂದ್ರರ ಹಿಂದಿನ ಸೀಟಿನಲ್ಲಿ ಅವಳು ಕೂತಳು. ಪಕ್ಕದ ವಿಮಾನದಲ್ಲಿ ಪೈಲಟ್ ಅಶೋಕ್, ಅವರ ರೆಕ್ಕೆಯ ಆಚೆ ಮೂರನೆಯದರಲ್ಲಿ ಮುಬಶ್ಶಿರ್. ಮೂವರೂ ಒಟ್ಟಿಗೆ ಮೇಲೆದ್ದು, ರಾಟೆಯಂತೆ ತಲೆಕೆಳಗಾಗಿ ಪೂರ್ತಿ ಒಂದು ಸುತ್ತು ತಿರುಗಿದರು. ಏರುವಾಗ ಕ್ಯಾಮೆರಾ ಕಲ್ಲುಗುಂಡಿನಂತೆ ಭಾರವಾಗಿ ತೊಡೆಗೆ ಒತ್ತಿತು. ಸುತ್ತಿನ ನೆತ್ತಿಯಲ್ಲಿ ಅದೇ ಕ್ಯಾಮೆರಾ ಹತ್ತಿಯಂತೆ ಹಗುರಾಯಿತು. ರಾಮನಗರದ ಬಂಡೆಗುಡ್ಡಗಳು ತಲೆಯ ಮೇಲೆ ತೂಗುತ್ತಿದ್ದವು. ಚೈತ್ರಾ ಕ್ಲಿಕ್ಕಿಸುವುದನ್ನೇ ಮರೆತು ನಕ್ಕಳು.

ಮುಂದಿನ ಸುತ್ತಿಗೆ ಮೊದಲು ನೇರ ಹಾರುವಾಗ ಲೆನ್ಸಿನಲ್ಲಿ ಎರಡು ವಿಮಾನಗಳ ನಡುವೆ ಅಗಲ ಸಂದಿ ಕಂಡಿತು. ಅವಳ ಮೈಕಿನ ಮಾತು ಮೂರು ವಿಮಾನಗಳಿಗೂ ಕೇಳುತ್ತಿತ್ತು. "ಮುಬಶ್ಶಿರ್ ಸಾರ್, ಒಸಿ ಹತ್ರ ಬನ್ನಿ... ಇನ್ನೊಸಿ..."

ಮುಬಶ್ಶಿರ್ ಬಂದರು. ಲೆನ್ಸಿಗೆ ಕಣ್ಣು ಕೊಟ್ಟವಳಿಗೆ ದೂರದ ಅಂದಾಜು ಇರಲಿಲ್ಲ. ಅವರ ವಿಮಾನದ ರೆಕ್ಕೆ ಅಶೋಕರ ವಿಮಾನದ ಬಾಲದ ಮೇಲೆ ಬಂದಿತ್ತು.

"ಬ್ರೇಕ್! ಬ್ರೇಕ್!" ಸಾಲು ಬಿಟ್ಟು ಚದುರಿ ಎನ್ನುವ ನರೇಂದ್ರರ ಆ ಕೂಗಿಗೆ ಮೂರೂ ವಿಮಾನಗಳು ಮೂರು ದಿಕ್ಕಿಗೆ ಹೋದವು.

ಎಲ್ಲರೂ ನೆಲಕ್ಕಿಳಿದರು. ಅಶೋಕ್ ಹೆಲ್ಮೆಟ್ ತೆಗೆದು, "ಏನಮ್ಮ, ಬೀಗರ ಗ್ರೂಪ್ ಫೋಟೋ ಅಂದ್ಕೊಂಡ್ಯಾ?" ಎಂದರು.

ನರೇಂದ್ರ ಮುಬಶ್ಶಿರ್ ಕಡೆ ತಿರುಗಿದರು. "ಆ ಹುಡುಗಿಗೆ ಗೊತ್ತಿರ್ಲಿಲ್ಲ, ನಾನು ಹೇಳಿರ್ಲಿಲ್ಲ. ನೀನ್ಯಾಕ್ಲಾ ಬಂದೆ?"

"ಬನ್ನಿ ಅಂದ್ರಲ್ಲ ಸಾರ್, ಯೋಚ್ನೆ ಮಾಡೋಕೆ ಮುಂಚೆ ಕೈ ಹೋಗ್ಬುಡ್ತು."

"ಇವತ್ತಿಗೆ ಸಾಕು," ಎಂದು ನರೇಂದ್ರ ಹೊರಟರು. ಅವಳನ್ನು ಮತ್ತೆ ಕರೆಯುತ್ತಾರೋ ಇಲ್ಲವೋ ಹೇಳಲಿಲ್ಲ.

ಪೈಲಟ್‌ಗಳು ಹಾರುವ ಮೊದಲು ರನ್‌ವೇಯಲ್ಲೇ ಆಯಾ ಜಾಗದಲ್ಲಿ ನಿಂತು, ತೋಳು ಚಾಚಿ, ಹಾರಾಟವನ್ನು ನಡೆದು ನೋಡುವುದು ವಾಡಿಕೆ. ಮಾರನೆಯ ದಿನ ಹಾಗೆ ನಡೆಯುತ್ತಿದ್ದಾಗ ಚೈತ್ರಾ ಕರೆಯದಿದ್ದರೂ ಬಂದು ಬಿಸಿಲಲ್ಲಿ ನಿಂತಳು.

"ಅಶೋಕ್ ಸಾರ್, ಮುಬಶ್ಶಿರ್ ಸಾರ್, ನೀವಿಬ್ರೂ ನಿಂತಲ್ಲೇ ಇರಿ. ನಾನೇ ಜರುಗ್ತೀನಿ."

ಕ್ಯಾಮೆರಾ ಹಿಡಿದು ಒಸಿ ಹಿಂದೆ, ಒಸಿ ಪಕ್ಕಕ್ಕೆ ಸರಿದಳು. ಒಂದು ಜಾಗದಿಂದ ಲೆನ್ಸಿನಲ್ಲಿ ಅಶೋಕ್ ಮತ್ತು ಮುಬಶ್ಶಿರ್ ತೋಳುಗಳು ಒಂದರ ಹಿಂದೊಂದು ಸೇರಿ ನಡುವಿನ ಸಂದಿ ಮುಚ್ಚಿಹೋಯಿತು. ಪರದೆಯನ್ನು ನರೇಂದ್ರರಿಗೆ ತೋರಿಸಿದಳು. ಅವರು ಅವಳು ನಿಂತಿದ್ದ ಜಾಗಕ್ಕೇ ಹೋಗಿ ನಿಂತು ನೋಡಿದರು.

"ಜರುಗೋದು ನನ್ನ ವಿಮಾನ ಮಾತ್ರ. ನಿನ್ನ ಮೈಕು ನನಗೊಬ್ಬನಿಗೇ ಕೇಳ್ಬೇಕು. ನಾನು ಬೇಡ ಅಂದ್ರೆ ಬೇಡ."

"ಆಯ್ತು ಸಾರ್."

ಅವತ್ತು ಸುತ್ತಿನ ನೆತ್ತಿಯಲ್ಲಿ, ಗುಡ್ಡಗಳು ತಲೆಯ ಮೇಲಿದ್ದಾಗ, ನರೇಂದ್ರ ತಮ್ಮ ವಿಮಾನವನ್ನು ಅವಳು ಹೇಳಿದಷ್ಟೇ ಹಿಂದಕ್ಕೆ ತಂದರು. ಮಿಕ್ಕ ಎರಡೂ ತಮ್ಮ ಅಂತರ ಬಿಡಲಿಲ್ಲ. ಲೆನ್ಸಿನಲ್ಲಿ ಮಾತ್ರ ಸಂದಿ ಮುಚ್ಚಿತು, ಚೈತ್ರಾ ಕ್ಲಿಕ್ಕಿಸಿದಳು.

ವಿರೂಪಾಕ್ಷಿಪುರದ ತಮ್ಮ ಮನೆಯಲ್ಲಿ ಆ ಚಿತ್ರ ನೋಡಿದ ಮಾರಮ್ಮ ಎದೆ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಪಾಪಿ, ಇಷ್ಟು ಹತ್ರ ಯಾಕೆ ನಿಲ್ಲಿಸ್ದೆ ಅವರ್ನ?"

"ಅವ್ರು ಹತ್ರ ಬಂದೇ ಇಲ್ಲ ಕಣವ್ವ. ನಾವೇ ಒಸಿ ಹಿಂದಕ್ಕೆ ಹೋದೋ."

ಭಾನುವಾರದ ಅಭ್ಯಾಸಕ್ಕೆ ಬರಬೇಕೆಂದು ನರೇಂದ್ರ ಆಗಲೇ ಹೇಳಿದ್ದರು. ಅದು ತಿಳಿದು ಮಾರಮ್ಮ ಮೊರದ ತುಂಬ ಮೊಗ್ಗು ಹರಡಿಕೊಂಡು ಕೂತಳು.

"ಪಿನ್ನು ಹಾಕಾಕಿಲ್ಲ, ದಾರದಲ್ಲೇ ಕಟ್ತೀನಿ."

"ಹೂವೂ ಉದುರ್ತದೆ ಕಣವ್ವ."

"ಹಂಗಾದ್ರೆ ಬ್ಯಾಗಲ್ಲಿಟ್ಕೊಂಡು ಹೋಗು. ಇಳಿದ್ಮೇಲೆ ಮುಡ್ಕೊಂಡು ಬಾ."