ಸಿದ್ದಕಟ್ಟೆಯಲ್ಲಿ ಬಸ್ಸಿಳಿದ ಸಂಜೆ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಸುಮ್ಮನೆ ಕೇಳಿದವಳಲ್ಲ. "ಸಾಕ್ಷಿ ಉಂಟಾ?" ಎಂದು ಮುಖಕ್ಕೇ ಕೇಳಿದವಳು. ಅಮ್ಮ ಬೀಡಿ ಕಟ್ಟಿ ಸಾಕಿದ ನಮ್ಮ ಮನೆಯಲ್ಲಿ ಮೊದಲ ಡಿಗ್ರಿ ನನ್ನದು, ನರ್ಸಿಂಗಿನಲ್ಲಿ ಬಿ.ಎಸ್ಸಿ. ಹರಕೆ ಹೇಳುವ ಮೊದಲು ಥರ್ಮಾಮೀಟರ್ ಇಡಿ ಎಂದು ಮನೆಯವರೊಡನೆ ಎಷ್ಟೋ ಸಲ ಜಗಳ ಮಾಡಿದ್ದೇನೆ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ.

ಎರಡು ಸಾವಿರದ ಇಸವಿಯ ನಂತರದ ಮಾತು. ಬಿ.ಸಿ.ರೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಸನಬ್ಬನವರಿಗೆ ಮದ್ರಾಸಿನಲ್ಲಿ ಹೃದಯ ಬದಲಿಸಿದ್ದರು. ಊರಿಗೆ ಬಂದ ಮೇಲೆ ದಿನ ಬಿಟ್ಟು ದಿನ ಅವರನ್ನು ನೋಡುವ ಕೆಲಸ ನನ್ನದು. ಡ್ಯೂಟಿ ಮುಗಿಸಿ ಅವರ ಮನೆಗೆ ಹೋಗಿ, ಬಿ.ಪಿ. ನೋಡಿ, ಮನೆಗೆ ಹೋಗಲು ಮೂಡುಬಿದಿರೆಯ ಬಸ್ಸು ಹತ್ತುತ್ತಿದ್ದೆ.

ಎದೆಯ ಗಾಯ ಹೊರಗಿಂದ ಒಣಗಿತ್ತು. ಆದರೆ ಬೇರೆಯವರ ಹೃದಯವನ್ನು ದೇಹ ದೂಡಿಬಿಡಬಾರದೆಂದು ಕೊಡುವ ಗುಳಿಗೆಗಳು ಒಂದು ಮೋಸ ಮಾಡುತ್ತವೆ. ಒಳಗೆ ಕೀವಾದರೂ ಜ್ವರ ಬರಲು ಬಿಡುವುದಿಲ್ಲ. ಕೀವಿನ ವಾಸನೆಯಿಂದ ತಿಳಿಯುವ ಎಂದರೆ ಅದಕ್ಕೂ ಅಡ್ಡಿ, ಹೊಸ ಹೃದಯದ ಮನುಷ್ಯನನ್ನು ನೋಡಲು ದಿನವೂ ನೆಂಟರು. ರೋಗಿಯ ಹಾಗೆ ಕಾಣಬಾರದೆಂದು ಹಸನಬ್ಬ ಬನಿಯನಿಗೆ ಅತ್ತರು ಹಚ್ಚಿಕೊಂಡೇ ಕೂರುತ್ತಿದ್ದರು. ನಾನೂ ಬೇಡವೆನ್ನಲಿಲ್ಲ. ಅದು ನನ್ನ ತಪ್ಪು.

ಆ ದಿನವೂ ಗಾಯವನ್ನು ಕಣ್ಣಲ್ಲಿ ನೋಡಿದೆ, ಮುಟ್ಟಲಿಲ್ಲ. ಬಸ್ಸು ಬಂಟ್ವಾಳ ಪೇಟೆ ದಾಟುವಾಗ ಮಸೀದಿಯಲ್ಲಿ ಅಸರ್ ಬಾಂಗ್, ಇಳಿಹೊತ್ತಿನ ನಮಾಜಿನ ಕರೆ, ಆಯಿತು. ಸ್ವಲ್ಪ ಮುಂದೆ ಹೋದಾಗ ನನ್ನ ಎದೆಯ ನಡುಮೂಳೆಯಲ್ಲಿ ಟಕ್ ಎಂದಿತು. ನೋವಿಲ್ಲ. ಉಸಿರು ಎಳೆದರೆ ಟಕ್, ಬಿಟ್ಟರೆ ಟಕ್. ಕಿಟಕಿಯ ಗಾಜೆಂದು ಒತ್ತಿ ಹಿಡಿದೆ. ಟಿಫಿನ್ ಡಬ್ಬಿಯಿರಬೇಕೆಂದು ಬ್ಯಾಗನ್ನು ಪಕ್ಕದವಳ ಮಡಿಲಿಗೆ ಕೊಟ್ಟೆ. ನಿಲ್ಲಲಿಲ್ಲ. ಕೈಯಿಟ್ಟರೆ ಮೂಳೆಯ ಎರಡು ತುಂಡು ಒಂದಕ್ಕೊಂದು ತಾಗಿದ ಹಾಗೆ ಅಂಗೈಗೇ ಗೊತ್ತಾಗುತ್ತಿತ್ತು. ಆಗ ಮನಸ್ಸಿಗೆ ಬಂದದ್ದು ಒಂದೇ ಹೆಸರು, ಹಸನಬ್ಬ.

ಅರ್ಧ ದಾರಿಯಲ್ಲಿ, ಸಿದ್ದಕಟ್ಟೆಯಲ್ಲಿ ಇಳಿದೆ. "ಎಂತ ಸಿಸ್ಟರ್, ನಿದ್ದೆಯಲ್ಲಿ ಇಳೀತೀರಾ? ಮೂಡುಬಿದಿರೆ ಇನ್ನೂ ದೂರ ಉಂಟು" ಎಂದ ಕಂಡಕ್ಟರ್. ಎದುರಿನಿಂದ ಬಂದ ಬಸ್ಸಿಗೆ ಹತ್ತಿ ವಾಪಸು ಹೋದೆ.

ಹಸನಬ್ಬ ಚಾವಡಿಯಲ್ಲೇ ಇದ್ದರು. "ಬಸ್ ತಪ್ಪಿತಾ ಸಿಸ್ಟರ್, ಅಲ್ಲ ನನ್ನ ಹೆಂಡತಿಯ ಚಾಯ ನೆನಪಾಯಿತಾ?" ಎಂದು ನಕ್ಕರು. ಮುಖ ಮಾತ್ರ ಬಿಳಿಚಿತ್ತು.

"ಒಮ್ಮೆ ಕೆಮ್ಮಿ ಸಾಹೇಬರೇ" ಎಂದು ಎದೆಯ ಮೇಲೆ ಅಂಗೈ ಇಟ್ಟೆ. ಕೆಮ್ಮಿದರು. ಟಕ್. ಬಸ್ಸಿನಲ್ಲಿ ನನ್ನ ಅಂಗೈಗೆ ತಾಗಿದ್ದು ಇದೇ. ಆ ಗಳಿಗೆಯಿಂದ ನನ್ನ ಎದೆಯ ಟಕ್ ನಿಂತುಹೋಯಿತು.

"ಕುರ್ಚಿಯಲ್ಲಿ ಕೂತು ನಮಾಜು ಮಾಡಿ ಎಂದು ನೀವು ಹೇಳಿದ್ದಿರಿ, ಇವರು ಕೇಳಬೇಕಲ್ಲ" ಎಂದರು ಒಳಗಿಂದ ಬಂದ ಅವರ ಹೆಂಡತಿ ಐಸಮ್ಮ. "ಅಸರಿಗೆ ನೆಲಕ್ಕೆ ಬಾಗಿದ್ದಾರೆ. ಎದೆಯಲ್ಲಿ ಏನೋ ತುಂಡಾದ ಹಾಗಾಯಿತಂತೆ."

"ಸತ್ತು ಬದುಕಿದವನು ಪಡೆದವನ, ಆ ದೇವರ ಎದುರು ಕುರ್ಚಿ ಹಾಕಿ ಕೂರುವುದಾ ಎಂದು ಕಂಡಿತು" ಎಂದರು ಹಸನಬ್ಬ, ತಲೆ ತಗ್ಗಿಸಿ.

ಆಗಲೇ ಕಾರು ಮಾಡಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಮೂಳೆಯ ಹಿಂದೆ ಕೀವು ತುಂಬಿತ್ತು. ಅದು ಮೂಳೆಯನ್ನು ಮೆತ್ತಗೆ ಮಾಡಿದ್ದರಿಂದಲೇ, ಬಾಗಿದಾಗ, ಆಪರೇಷನ್ನಿಗೆ ಸೀಳಿದ್ದ ಮೂಳೆಯನ್ನು ಕಟ್ಟಿದ್ದ ಸ್ಟೀಲ್ ತಂತಿ ಮೂಳೆಯನ್ನೇ ಕೊಯ್ದುಕೊಂಡು ಬಂದಿತ್ತು. ತಂತಿಗಳನ್ನು ತೆಗೆದರು, ಕೊಳೆತ ಮೂಳೆ ಕೆರೆದರು, ಎದೆಯನ್ನು ಹಾಗೇ ತೆರೆದಿಟ್ಟು ಎಷ್ಟೋ ದಿನ ತೊಳೆದರು. ಕೊನೆಗೆ ಎರಡೂ ಬದಿಯ ಎದೆಯ ಸ್ನಾಯುವನ್ನು ನಡುವಿಗೆ ಎಳೆದು ಮುಚ್ಚಿದರು. ಯಾರದೋ ಹೃದಯಕ್ಕೆ ಅವರದೇ ಮಾಂಸದ ಹೊದಿಕೆ. ಅದು ಹಿಡಿಯಿತು. ಮುಂದಿನ ಹಬ್ಬಕ್ಕೆ ಅಂಗಡಿಯಲ್ಲಿ ಕೂತು ಬಟ್ಟೆ ಅಳೆಯುತ್ತಿದ್ದರು.

ಮೊದಲೇ ಏನೋ ಕಂಡಿರಬೇಕು, ಮನಸ್ಸು ತಡವಾಗಿ ಹೇಳಿತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಾನು ನೋಡಿ ಹೊರಟಾಗ ತಂತಿ ಬಿಟ್ಟಿರಲಿಲ್ಲ. ಅದು ಬಿಟ್ಟದ್ದು ಅವರು ಅಸರಿಗೆ ಬಾಗಿದಾಗ, ನಾನು ಬಸ್ಸಿನಲ್ಲಿದ್ದಾಗ.

"ಜ್ವರವಿಲ್ಲ, ಗಾಯ ಸೋರಿಲ್ಲ, ಹೇಗೆ ಹಿಡಿದಿರಿ?" ಎಂದು ಸರ್ಜನ್ ಕೇಳಿದ್ದರು. "ಕೈಯಿಟ್ಟು ನೋಡಿದೆ ಸರ್" ಎಂದೆ. ಸುಳ್ಳಲ್ಲ. ಕೈಯಿಡಲು ಅಷ್ಟು ದೂರದಿಂದ ಯಾಕೆ ತಿರುಗಿ ಬಂದಿರಿ ಎಂದು ಅವರು ಕೇಳಲಿಲ್ಲ.