ಪುರಂದರಣ್ಣನ ಎಕ್ಸ್‌ರೇ

ಪೆರಿಯನಾಯಕನಪಾಳ್ಯದ ಬಸ್ಸಿನಲ್ಲಿ ನೇಕಾರ ಪುರಂದರಣ್ಣನ ಪಕ್ಕ ಕೂತವರು ಅವರ ಎಕ್ಸ್‌ರೇ ನೋಡದೆ ಇಳಿದದ್ದೇ ಇಲ್ಲ. ಹಳದಿ ಚೀಲದಿಂದ ಅದನ್ನು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಆಪರೇಷನ್ನಿನಲ್ಲಿ ಹಾಕಿದ ಸ್ಕ್ರೂ ಮಂಡಿಯೊಳಗೆ ವಾಲಿರುವುದನ್ನು ತೋರಿಸುತ್ತಾರೆ. "ಎಲ್ಲಾ ಸರಿಯಾಗೇ ಇದೆ ಅಂತಾರೆ ಡಾಕ್ಟ್ರು, ನೀವೇ ನೋಡಿ ಸಾಮಿ!" ಮಗ್ಗದ ಗುಂಡಿಗೆ ಕಾಲಿಳಿಸಲಾಗದ ಈ ನಾಲ್ಕು ವರ್ಷದಲ್ಲಿ ಮನೆಯವರೂ ಆ ಕಾಲಿನ ಮಾತು ಬಿಟ್ಟಿದ್ದಾರೆ. ಆಸ್ಪತ್ರೆಯ ಮೇಲೆ ಗ್ರಾಹಕರ ನ್ಯಾಯಾಲಯದಲ್ಲಿ ಹಾಕಿದ ಕೇಸಿನ ವಾಯಿದೆಯ ದಿನ ಮಾತ್ರ ಪುರಂದರಣ್ಣನಿಗೆ ಗಂಜಿ ಹಾಕಿದ ಪಂಚೆ, ಹೊಸ ವಿಭೂತಿ, ಮದುಮಗನ ಗಡಿಬಿಡಿ. ಆಸ್ಪತ್ರೆಯವರು ರಾಜಿಗೆ ಕರೆದರೂ ಒಪ್ಪಲಿಲ್ಲ. ಯಾಕಣ್ಣ ಎಂದು ಒಮ್ಮೆ ಬಸ್ಸಿನಲ್ಲಿ ಪಕ್ಕ ಕೂತಾಗ ನಾನು ಕೇಳಿದೆ. "ಆಸ್ಪತ್ರೆ ಕಡೆ ವಕೀಲಮ್ಮ ಕೇಳ್ತಾಳೆ, ಮೆಟ್ಟಿಲು ಏರುವಾಗ ಎಲ್ಲಿ ನೋಯ್ತದೆ, ಯಾವ ಪಕ್ಕ ಮಲಗ್ತೀರಿ ಅಂತ. ಕೇಸು ಮುಗಿದ್ರೆ ಯಾರು ಸಾಮಿ ಕೇಳ್ತಾರೆ?"